ಹೊರಗೆ ಹೋಗಿ ಬರುವ ರಕ್ತ

ಬನಹಟ್ಟಿಯಲ್ಲಿ ನಲವತ್ತು ವರ್ಷ ಮಗ್ಗ ನಡೆಸಿದ ನನ್ನ ಸೋದರಮಾವನಿಗೆ ಕಿಡ್ನಿ ಕೈಕೊಟ್ಟಾಗ, ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನ ಅವರ ಕಣ್ಣು ಹೋದದ್ದು ಯಂತ್ರದ ಪಕ್ಕಕ್ಕೆ ಸಿಕ್ಕಿಸಿದ್ದ ಗೇಣುದ್ದದ ಪಾರದರ್ಶಕ ಕೊಳವೆಯ ಕಡೆಗೆ. ಒಳಗೆ ಬಿಳಿ ನೂಲಿನ ಲಡಿ ತುಂಬಿದಂತಿತ್ತು. ರಕ್ತ ಬಿಟ್ಟೊಡನೆ ಆ ಲಡಿಗೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕೆಂಪು ಏರುತ್ತ ಹೋಯಿತು. ನೂಲಿಗೆ ಬಣ್ಣ ಏರುವುದನ್ನು ಜೀವಮಾನವಿಡೀ ನೋಡಿದ ಮನುಷ್ಯ. "ಎಷ್ಟನೇ ನಂಬರ್ ನೂಲವಾ ಇದು?" ಎಂದು ನರ್ಸ್‌ಗೆ ಕೇಳಿದರು.

ಆ ಹುಡುಗಿ ನಕ್ಕಳು, ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಡಯಾಲೈಸರ್ ಎಂಬ ಆ ಕೊಳವೆಯೊಳಗೆ ಇರುವುದು ಒಂದು ಬಗೆಯ ನೂಲೇ. ಸುಮಾರು ಹತ್ತು ಸಾವಿರ ಎಳೆ, ಒಂದೊಂದೂ ಒಳಗೆ ಟೊಳ್ಳು, ಆ ಟೊಳ್ಳಿನ ಅಗಲ ಮಿಲಿಮೀಟರಿನ ಐದರಲ್ಲಿ ಒಂದು ಪಾಲು. ಟೊಳ್ಳಿನೊಳಗೆ ರಕ್ತ ಹರಿಯುತ್ತದೆ, ಹೊರಗೆ ಶುದ್ಧ ದ್ರವ ಹರಿಯುತ್ತದೆ, ಎಳೆಯ ಗೋಡೆಯಲ್ಲಿರುವ ಕಣ್ಣಿಗೆ ಕಾಣದ ತೂತುಗಳಿಂದ ಯೂರಿಯಾ, ಹೆಚ್ಚಾದ ಪೊಟ್ಯಾಸಿಯಂ ಆಚೆ ಹೋಗುತ್ತವೆ. ನಮ್ಮ ಕಡೆ ಡಯಾಲಿಸಿಸ್ ಎಂಬ ಹೆಸರು ಅಷ್ಟಾಗಿ ಓಡುವುದಿಲ್ಲ. "ರಕ್ತ ತೊಳಸ್ಕೊಂಡ ಬರ್ತಾರ" ಎನ್ನುತ್ತಾರೆ.

ಕೆಲವು ವಾರ ಕಳೆದ ಮೇಲೆ ಮಾವ ಇನ್ನೊಂದು ಪ್ರಶ್ನೆ ಕೇಳಿದರು. ಕೋಣೆಯ ಮೂಲೆಯಲ್ಲಿ ಒಂದು ಯಂತ್ರವನ್ನು ಬೇರೆಯೇ ಇಟ್ಟಿದ್ದರು. ಅದು ಹೆಪಟೈಟಿಸ್ ಇರುವವರಿಗೆ ಮೀಸಲು, ಒಬ್ಬರ ಸೋಂಕು ಇನ್ನೊಬ್ಬರಿಗೆ ತಾಗದಿರಲೆಂದು. ಮಾವನಿಗೆ ಅದು ಒಪ್ಪಿಗೆಯಾಗಲಿಲ್ಲ. "ಉಪ್ಪು ತಗೀತದ, ನಂಜು ತಗೀತದ. ಆ ಕಾಮಣಿ ಹುಳಾನೂ ಅದರಾಗ ಸೋಸಿ ತಗದ್ರ ಆತಲ್ಲ? ಆ ರೋಗದವ್ರಿಗೂ ಒಂದ್ ದಾರಿ ಆಗ್ತಿತ್ತು."

ಆ ರೋಗ ಎಂದರೆ ಯಾವುದೆಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹೆಸರು ಹಿಡಿದು ಕರೆಯದೆ ಇಪ್ಪತ್ತೈದು ವರ್ಷ ಎಚ್‌ಐವಿಯ ಜೊತೆ ಬಾಳಿದ ಸೀಮೆ ಇದು.

ಮಾವನ ಮಾತು ನನ್ನ ತಲೆಯಲ್ಲಿ ಉಳಿಯಿತು. ಅವರು ಕೇಳಿದ್ದನ್ನೇ ಜಗತ್ತಿನ ಕೆಲವು ಪ್ರಯೋಗಶಾಲೆಗಳು ಬಹಳ ಕಾಲದಿಂದ ಕೇಳುತ್ತಿವೆ. ರಕ್ತದಲ್ಲಿ ಹರಡುವ ಸೋಂಕನ್ನು ದೇಹದ ಹೊರಗೆ, ಒಂದು ಕೊಳವೆಯೊಳಗೆ ಹಿಡಿದು, ರಕ್ತವನ್ನು ತಿರುಗಿ ದೇಹಕ್ಕೆ ಬಿಡಲು ಬರುತ್ತದೆಯೇ? ಬರುತ್ತದೆ ಎನ್ನುವವರ ಬಳಿ ಗಟ್ಟಿ ಕಾರಣಗಳಿವೆ. ಅದು ನಮ್ಮ ಕೆಲಸಕ್ಕೆ ಬಾರದು ಎನ್ನುವವರ ಬಳಿಯೂ ಇವೆ. ಎರಡನ್ನೂ ನಮ್ಮ ನಾಲ್ಕು ತಾಲ್ಲೂಕಿನ ನೆಲದ ಮೇಲೆ ಇಟ್ಟು ತೂಗಬೇಕೆನ್ನಿಸಿತು.

ಮೊದಲು ಯಂತ್ರದ ಗುಟ್ಟು. ಡಯಾಲೈಸರ್‌ನ ತೂತುಗಳು ವೈರಸ್ ದಾಟಲಾರದಷ್ಟು ಕಿರಿದು. ಸೋಂಕಿದ ರಕ್ತ ಒಳಗೆ ಹೋದರೆ ಸೋಂಕಿದ್ದ ಹಾಗೆಯೇ ಹೊರಗೆ ಬರುತ್ತದೆ. ತೂತನ್ನು ಹಿಗ್ಗಿಸಿದರೆ ವೈರಸ್ಸಿನ ಜೊತೆ ದೇಹಕ್ಕೆ ಬೇಕಾದ ಪ್ರೋಟೀನುಗಳೂ ಜಾರಿ ಹೋಗುತ್ತವೆ. ಹಾಗಾಗಿ ಬರೀ ಸೋಸಿದರೆ ಆಗದು, ಬೇಡವಾದದ್ದನ್ನು ಮಾತ್ರ ಅಂಟಿಸಿಕೊಳ್ಳುವ ವಸ್ತು ಬೇಕು. ಮಹಾಲಿಂಗಪುರದ ಕಡೆ ಗಾಣದ ಮನೆಯಲ್ಲಿ ಬೆಲ್ಲ ಮಾಡುವುದನ್ನು ನೋಡಿದವರಿಗೆ ಇದು ಥಟ್ಟನೆ ತಿಳಿಯುತ್ತದೆ. ಕುದಿಯುವ ಕಬ್ಬಿನ ಹಾಲಿನಲ್ಲಿರುವ ಸಣ್ಣ ಹೊಲಸು ಬಟ್ಟೆಗೂ ನಿಲ್ಲುವುದಿಲ್ಲ, ಜರಡಿಗೂ ನಿಲ್ಲುವುದಿಲ್ಲ. ಬೆಂಡಿ ಗಿಡ ಜಜ್ಜಿ ತೆಗೆದ ಲೋಳೆ ಸುರಿದರೆ ಹೊಲಸೆಲ್ಲ ಅದಕ್ಕೆ ಅಂಟಿ ಮೇಲಕ್ಕೆ ಬರುತ್ತದೆ, ಜಾಲರಿಯಲ್ಲಿ ಎತ್ತಿ ಚೆಲ್ಲುತ್ತಾರೆ. ಕಬ್ಬಿನ ಹಾಲು ಹಾಲಾಗಿಯೇ ಉಳಿಯುತ್ತದೆ.

ವೈರಸ್ ಹಿಡಿಯುವ ಲೋಳೆ ಸಿಕ್ಕಿದ್ದೂ ಗಿಡದಲ್ಲೇ. ಎಚ್‌ಐವಿ, ಹೆಪಟೈಟಿಸ್ ಸಿ, ಎಬೋಲಾ ಮೊದಲಾದ ವೈರಸ್‌ಗಳ ಹೊರಕವಚದ ತುಂಬ ಮ್ಯಾನೋಸ್ ಎಂಬ ಸಕ್ಕರೆಯ ಸರಗಳು ಅಂಟಿಕೊಂಡಿರುತ್ತವೆ. ಯುರೋಪಿನ ಚಳಿಯಲ್ಲಿ ಅರಳುವ ಸ್ನೋಡ್ರಾಪ್ ಎಂಬ ಬಿಳಿ ಹೂವಿನ ಗಡ್ಡೆಯಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನು ಆ ಸಕ್ಕರೆಯನ್ನು ಕಂಡಲ್ಲಿ ಕಚ್ಚಿಕೊಳ್ಳುತ್ತದೆ. ಅಮೆರಿಕದ ಏತ್ಲಾನ್ ಮೆಡಿಕಲ್ ಕಂಪನಿ ತನ್ನ ಹೀಮೋಪ್ಯೂರಿಫೈಯರ್ ಎಂಬ ಕೊಳವೆಯಲ್ಲಿ, ವೈರಸ್ ದಾಟುವಷ್ಟು ದೊಡ್ಡ ತೂತಿನ ಟೊಳ್ಳು ಎಳೆಗಳನ್ನಿಟ್ಟು, ಅವುಗಳ ಹೊರಗೆ ಈ ಲೆಕ್ಟಿನ್ ತುಂಬಿತು. ರಕ್ತಕಣ ಎಳೆಯೊಳಗೇ ಉಳಿಯುತ್ತದೆ. ವೈರಸ್ ಪ್ಲಾಸ್ಮಾದ ಜೊತೆ ಆಚೆ ಜಾರಿ ಲೆಕ್ಟಿನ್ನಿಗೆ ಸಿಕ್ಕಿಬೀಳುತ್ತದೆ. ಇನ್ನೊಂದು ಬಗೆ ಸೆರಾಫ್. ಅದರಲ್ಲಿ ಹೆಪಾರಿನ್ ಲೇಪಿಸಿದ ಸಣ್ಣ ಮಣಿಗಳಿದ್ದು, ಬ್ಯಾಕ್ಟೀರಿಯಾ ಮತ್ತು ಕೆಲವು ವೈರಸ್‌ಗಳು ಆ ಲೇಪಕ್ಕೆ ಅಂಟಿಕೊಳ್ಳುತ್ತವೆ. ಜಪಾನಿನಲ್ಲಿ ಹುಟ್ಟಿದ ಪಾಲಿಮಿಕ್ಸಿನ್ ಕೊಳವೆ ಕೆಲವು ಬ್ಯಾಕ್ಟೀರಿಯಾಗಳ ಹೊರಪದರದಿಂದ ಕಳಚಿ ಬರುವ ಎಂಡೋಟಾಕ್ಸಿನ್ ನಂಜನ್ನು ಹಿಡಿಯುತ್ತದೆ. ಸೈಟೋಸಾರ್ಬ್ ರೋಗಾಣುವಿನ ತಂಟೆಗೆ ಹೋಗುವುದಿಲ್ಲ. ಸೋಂಕಿಗೆ ಬೆದರಿದ ದೇಹ ತಾನೇ ಸುರಿಸಿಕೊಳ್ಳುವ ಸೈಟೋಕೈನ್‌ಗಳನ್ನು ಎಳೆದುಕೊಳ್ಳುತ್ತದೆ.

ಯಂತ್ರದ ಪರವಾಗಿ ನಿಲ್ಲುವವರ ದೊಡ್ಡ ಸಾಕ್ಷಿ 2014ರ ಅಕ್ಟೋಬರ್‌ನದು. ಸಿಯೆರಾ ಲಿಯೋನ್‌ನಲ್ಲಿ ಎಬೋಲಾ ರೋಗಿಗಳನ್ನು ನೋಡುತ್ತಿದ್ದ ಉಗಾಂಡಾದ ವೈದ್ಯರೊಬ್ಬರಿಗೆ ಅದೇ ರೋಗ ತಗಲಿ, ಜರ್ಮನಿಯ ಫ್ರಾಂಕ್‌ಫರ್ಟ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಸಾಗಿಸಿದರು. ಶ್ವಾಸಕೋಶ, ಕಿಡ್ನಿ, ಕರುಳು ಒಂದರ ಹಿಂದೊಂದು ಸೋಲುತ್ತಿದ್ದವು. ಹೀಮೋಪ್ಯೂರಿಫೈಯರ್ ಮೂಲಕ ಆರೂವರೆ ಗಂಟೆ ರಕ್ತ ಹರಿಸಿದರು. ಮಿಲಿಲೀಟರಿಗೆ ಸುಮಾರು 4 ಲಕ್ಷ ಇದ್ದ ವೈರಸ್ ಪ್ರಮಾಣ ಬಳಿಕ ಸಾವಿರದ ಮಟ್ಟಕ್ಕೆ ಇಳಿದಿತ್ತು. ಕೊಳವೆಯನ್ನು ಬಿಚ್ಚಿ ಎಣಿಸಿದಾಗ ಅದರೊಳಗೆ ಸಿಕ್ಕಿಬಿದ್ದ ವೈರಸ್ 24 ಕೋಟಿ 20 ಲಕ್ಷ. ವೈದ್ಯರು ಬದುಕಿ ಮನೆಗೆ ಹೋದರು. ಅವರಿಗೆ ಬೇರೆ ಪ್ರಾಯೋಗಿಕ ಔಷಧಿಯೂ, ಡಯಾಲಿಸಿಸ್ಸೂ, ವೆಂಟಿಲೇಟರೂ ನಡೆದಿದ್ದರಿಂದ ಉಳಿಸಿದ್ದು ಕೊಳವೆಯೇ ಎಂದು ಯಾರೂ ಪ್ರಮಾಣ ಮಾಡಲಾರರು. ಆದರೆ ಹಿಡಿದ ವೈರಸ್ ಹಿಡಿದದ್ದೇ. ಔಷಧಿಯೇ ಇಲ್ಲದ ರೋಗಕ್ಕೆ ಎದುರು ನಿಂತಾಗ, ಶತ್ರುವಿನ ಹೆಸರು ಗೊತ್ತಿಲ್ಲದಿದ್ದರೂ ಅವನ ಅಂಗಿಯ ಬಣ್ಣ ನೋಡಿ ಹಿಡಿಯುವ ಇಂಥ ಸಾಧನ ಸಣ್ಣದಲ್ಲ.

ಪರವಾದ ಇನ್ನೊಂದು ಮಾತು ಇತಿಹಾಸದ್ದು, ನನಗೆ ಅದೇ ಹೆಚ್ಚು ತಟ್ಟುತ್ತದೆ. ಮಾವ ಕುಳಿತಿದ್ದ ಯಂತ್ರದ ಅಜ್ಜನನ್ನು 1943ರಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯ ನೆದರ್ಲೆಂಡ್ಸ್‌ನ ಕಾಂಪೆನ್ ಊರಿನಲ್ಲಿ ಕಟ್ಟಿದರು. ದೇಶ ಆಗ ಜರ್ಮನರ ಹಿಡಿತದಲ್ಲಿತ್ತು, ಸಾಮಾನು ಸಿಗುತ್ತಿರಲಿಲ್ಲ. ಸಾಸೇಜ್ ತುಂಬುವ ಸೆಲೋಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿ ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿದರು. ಮೊದಲ ಎರಡು ವರ್ಷ ಅದಕ್ಕೆ ಒಡ್ಡಿಕೊಂಡವರಲ್ಲಿ ಹೆಚ್ಚುಕಡಿಮೆ ಎಲ್ಲರೂ ತೀರಿಕೊಂಡರು. 1945ರಲ್ಲಿ 67 ವರ್ಷದ ಹೆಂಗಸೊಬ್ಬಳು ಎಚ್ಚರಾಗಿ ಎದ್ದು ಕುಳಿತಳು. ಮೊದಲ ಸಾವುಗಳಿಗೇ ಬೆದರಿ ಆ ಉರುಳೆಯನ್ನು ಒಲೆಗೆ ಹಾಕಿದ್ದರೆ ಇವತ್ತು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ರಕ್ತ ತೊಳೆಯುವ ಕೋಣೆಯೇ ಇರುತ್ತಿರಲಿಲ್ಲ. ಹೊಸ ಕೊಳವೆಗಳನ್ನು ಅಳೆಯುವಾಗಲೂ ಇದು ನೆನಪಿರಬೇಕು.

ಇನ್ನು ಎದುರು ತಕ್ಕಡಿ. ಇಲ್ಲಿ ನಾನು ನಮ್ಮ ಸೀಮೆಯ ಕಥೆಯಿಂದಲೇ ಶುರು ಮಾಡುತ್ತೇನೆ.

ಹಳೆಯ ಬಿಜಾಪುರದಿಂದ 1997ರಲ್ಲಿ ಬೇರೆಯಾದ ನಮ್ಮ ಬಾಗಲಕೋಟೆ ಜಿಲ್ಲೆ ನಾಲ್ಕಾರು ವರ್ಷದೊಳಗೇ ದೇಶದ ಎಚ್‌ಐವಿ ನಕ್ಷೆಯಲ್ಲಿ ಕಾಣಿಸಿಕೊಂಡಿತು. 2003ರ ಸುಮಾರಿಗೆ ನಡೆದ ಸಮೀಕ್ಷೆಯಲ್ಲಿ ರಕ್ತ ಕೊಟ್ಟ ವಯಸ್ಕರಲ್ಲಿ ನೂರಕ್ಕೆ ಹೆಚ್ಚುಕಡಿಮೆ ಮೂವರಿಗೆ ಸೋಂಕಿತ್ತು, ಅದೂ ಪಟ್ಟಣಕ್ಕಿಂತ ಹಳ್ಳಿಗಳಲ್ಲೇ ಹೆಚ್ಚು. ಎಚ್‌ಐವಿ ಎಂದರೆ ಮುಂಬೈಯ ರೋಗ, ಲಾರಿಯವರ ರೋಗ ಎಂದುಕೊಂಡಿದ್ದವರಿಗೆ ಅದು ಆಘಾತ. ಕಾರಣಗಳನ್ನು ದೂರ ಹುಡುಕಬೇಕಿರಲಿಲ್ಲ. 1982ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿದರೂ ನಿಲ್ಲದ ದೇವದಾಸಿ ಪದ್ಧತಿ, ಸಾಂಗ್ಲಿ, ಪುಣೆ, ಮುಂಬೈಗೆ ಹೋಗಿ ಬರುವ ಹೆಂಗಸರು, ಕಬ್ಬು ಕಡಿಯುವ ಗ್ಯಾಂಗು, ಕೃಷ್ಣೆಯ ಹಿನ್ನೀರಿಗೆ ಹೊಲ ಕಳೆದುಕೊಂಡು ಚದುರಿದ ಬೀಳಗಿ ಕಡೆಯ ಸಂಸಾರಗಳು, ಕೈಮಗ್ಗ ಸೋತು ಊರು ಬಿಟ್ಟ ನೇಕಾರರು. 2001ರಲ್ಲಿ ಆರಂಭವಾದ ಭಾರತ-ಕೆನಡಾ ಜಂಟಿ ಏಡ್ಸ್ ಯೋಜನೆ, ಆಮೇಲೆ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಇಲ್ಲಿ ಹಳ್ಳಿ ಹಳ್ಳಿ ತಿರುಗಿದವು. ಲೈಂಗಿಕ ದಂಧೆಯಲ್ಲಿದ್ದ ಹೆಂಗಸರೇ ಸಂಘ ಕಟ್ಟಿ, ಕಾಂಡೋಮ್ ಹಂಚಿ, ಒಬ್ಬರನ್ನೊಬ್ಬರು ತಪಾಸಣೆಗೆ ಕೈಹಿಡಿದು ಕರೆದೊಯ್ದರು. ಆ ಹೆಂಗಸರಿಗೆ ಈ ಜಿಲ್ಲೆ ಇನ್ನೂ ಸರಿಯಾಗಿ ಕೃತಜ್ಞತೆ ಹೇಳಿಲ್ಲ ಎಂಬುದು ನನ್ನ ಬಹುದಿನದ ನೋವು.

2004ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಗುಳಿಗೆಯನ್ನು ಉಚಿತವಾಗಿ ಕೊಡಲು ಆರಂಭಿಸಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. 2017ರಿಂದ ಸೋಂಕು ಗೊತ್ತಾದ ತಕ್ಷಣ ಗುಳಿಗೆ ಆರಂಭಿಸುವ ನೀತಿ ಬಂತು. ಈಗ ದಿನಕ್ಕೆ ಒಂದೇ ಗುಳಿಗೆ. ಅದನ್ನು ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಸ್ ಎಣಿಕೆಗೆ ಸಿಗದಷ್ಟು ಇಳಿಯುತ್ತದೆ. ಬೇಗ ಗುಳಿಗೆ ಆರಂಭಿಸಿದ ಗಂಡ ಅಥವಾ ಹೆಂಡತಿಯಿಂದ ಸಂಗಾತಿಗೆ ಸೋಂಕು ದಾಟುವುದು 96 ಪ್ರತಿಶತ ತಗ್ಗಿತೆಂದು 2011ರ ದೊಡ್ಡ ಅಧ್ಯಯನವೊಂದು ತೋರಿಸಿತು.

ಗುಳಿಗೆ ಮಾಡಿದ ಈ ಕೆಲಸವನ್ನು ಕೊಳವೆ ಮಾಡಬಲ್ಲದೇ? ಲೆಕ್ಕ ಕಠಿಣವಾಗಿದೆ. ಗುಳಿಗೆ ಇಲ್ಲದ ಎಚ್‌ಐವಿ ರೋಗಿಯ ದೇಹ ದಿನಕ್ಕೆ ಸುಮಾರು ಸಾವಿರ ಕೋಟಿ ವೈರಸ್ ಹುಟ್ಟಿಸುತ್ತದೆ ಎಂದು 1996ರಲ್ಲೇ ವಿಜ್ಞಾನಿಗಳು ಅಳೆದಿದ್ದರು. ರಕ್ತದಲ್ಲಿ ತೇಲುವ ವೈರಸ್ಸಿನ ಅರ್ಧಪಾಲು ಆರು ಗಂಟೆಯಲ್ಲಿ ತಾನಾಗಿಯೇ ಅಳಿದು, ಅಷ್ಟೇ ಹೊಸದು ಸೇರುತ್ತಿರುತ್ತದೆ. ನಾಲ್ಕು ಗಂಟೆ ಕೊಳವೆ ಹಚ್ಚಿ ರಕ್ತವನ್ನು ಲಕಲಕ ಮಾಡಿದರೂ ಒಂದೆರಡು ದಿನದಲ್ಲಿ ಮೊದಲಿನಂತೆಯೇ ತುಂಬಿಕೊಳ್ಳುತ್ತದೆ. ಯಾಕೆಂದರೆ ಆ ವೈರಸ್ಸಿನ ಮನೆ ರಕ್ತವಲ್ಲ. ಅದು ದುಗ್ಧಗ್ರಂಥಿಗಳಲ್ಲಿ, ಕರುಳಿನ ಗೋಡೆಯಲ್ಲಿ, ಬಿಳಿ ರಕ್ತಕಣದ ವಂಶವಾಹಿಯೊಳಗೇ ಹೊಕ್ಕು ಕುಳಿತಿರುತ್ತದೆ. ಗಾಣದ ಮನೆಯ ಭಾಷೆಯಲ್ಲೇ ಹೇಳುವುದಾದರೆ, ಹಾಲಿನ ಹೊಲಸಿಗೆ ಬೆಂಡಿ ಲೋಳೆ ಸಾಕು, ಹೊಲದಲ್ಲಿ ಕಬ್ಬಿಗೇ ಕೆಂಪು ಕೊಳೆ ಹತ್ತಿದರೆ ಕಡಾಯಿಯ ಮುಂದೆ ನಿಂತು ಏನೂ ಮಾಡಲಾಗದು.

ಹೆಪಟೈಟಿಸ್ ಸಿ ವಿಷಯದಲ್ಲಿ ಇನ್ನೊಂದು ಪಾಠವಿದೆ. ಹೀಮೋಪ್ಯೂರಿಫೈಯರ್‌ನ ಮೊದಲ ಮಾನವ ಪ್ರಯೋಗಗಳು ನಡೆದದ್ದು ನಮ್ಮ ದೇಶದಲ್ಲೇ, ದೆಹಲಿ, ಗುರುಗ್ರಾಮದ ಕಡೆಯ ಆಸ್ಪತ್ರೆಗಳಲ್ಲಿ. ಆಗ ಈ ರೋಗಕ್ಕಿದ್ದದ್ದು ಇಂಟರ್‌ಫೆರಾನ್ ಚುಚ್ಚುಮದ್ದು. ತಿಂಗಳುಗಟ್ಟಲೆ ಜ್ವರ, ಮಂಕು, ಕೂದಲುದುರುವಿಕೆ. ಯಂತ್ರದಿಂದ ವೈರಸ್ ತಗ್ಗಿಸಿಕೊಂಡು ಚುಚ್ಚುಮದ್ದು ಕೊಟ್ಟರೆ ಬೇಗ ಗುಣವಾದೀತು ಎಂಬ ಯೋಚನೆ ಬುದ್ಧಿವಂತಿಕೆಯದೇ ಆಗಿತ್ತು. 2013ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸೋಫೋಸ್ಬುವಿರ್ ಗುಳಿಗೆಗೆ ಒಪ್ಪಿಗೆ ಸಿಕ್ಕಿತು. ಮರುವರ್ಷವೇ ಭಾರತದ ಕಂಪನಿಗಳಿಗೆ ಅದನ್ನು ಅಗ್ಗವಾಗಿ ತಯಾರಿಸುವ ಪರವಾನಗಿ ದೊರೆಯಿತು. ಜೊತೆಗೆ ಇನ್ನೊಂದು ಗುಳಿಗೆ ಸೇರಿಸಿ ಹನ್ನೆರಡು ವಾರ ನುಂಗಿದರೆ ಬಹುಪಾಲು ಜನರಲ್ಲಿ ಸೋಂಕು ಬುಡಸಮೇತ ಹೋಗುತ್ತದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದು ಉಚಿತ. ಯಂತ್ರ ಇನ್ನೂ ಪರೀಕ್ಷೆಯಲ್ಲಿದ್ದಾಗ ಗುಳಿಗೆ ಊರು ತಲುಪಿತ್ತು. ಹಿಂದೆಯೂ ಹೀಗೆ ಆಗಿದೆ. 1928ರಲ್ಲಿ ಅಮೆರಿಕದ ಎಮ್ಮೆಟ್ ನಾಟ್ ಎಂಬಾತ ರಕ್ತವನ್ನು ಹೊರಗೆ ತೆಗೆದು ಅತಿನೇರಳೆ ಬೆಳಕು ಹಾಯಿಸಿ ಒಳಗೆ ಬಿಡುವ ಚಿಕಿತ್ಸೆ ಆರಂಭಿಸಿದ. ಅದು ಒಂದಷ್ಟು ವರ್ಷ ಮೆರೆಯಿತು. ಪೆನಿಸಿಲಿನ್ ಬಂದ ಮೇಲೆ ಹಿಂದೆ ಸರಿಯಿತು.

ಇಷ್ಟಕ್ಕೇ ಗುಳಿಗೆ ಗೆದ್ದಿತು ಎಂದು ಬರೆದರೆ ಅನ್ಯಾಯ ಮಾಡಿದಂತಾಗುತ್ತದೆ. ಗುಳಿಗೆಗೂ ನಮ್ಮಲ್ಲಿ ಕಷ್ಟಗಳಿವೆ. ಸ್ವಂತ ತಾಲ್ಲೂಕಿನ ಕೇಂದ್ರದಲ್ಲಿ ಯಾರಾದರೂ ಗುರುತು ಹಿಡಿದಾರೆಂದು ಎರಡು ಬಸ್ಸು ಬದಲಿಸಿ ಪಕ್ಕದ ತಾಲ್ಲೂಕಿಗೆ ಹೋಗಿ ಗುಳಿಗೆ ತರುವವರನ್ನು ನಾನು ಬಲ್ಲೆ. ಡಬ್ಬಿಯ ಮೇಲಿನ ಚೀಟಿ ಕಿತ್ತು ಜೋಳದ ಹಗೇವಿನ ಹತ್ತಿರ ಬಚ್ಚಿಡುವ ಸೊಸೆಯರಿದ್ದಾರೆ. ಕಬ್ಬಿನ ಹಂಗಾಮಿನಲ್ಲಿ ಗ್ಯಾಂಗಿನ ಜೊತೆ ಕೊಲ್ಲಾಪುರದ ಕಡೆ ಹೋದವರಿಗೆ ಗುಳಿಗೆ ತಪ್ಪುತ್ತದೆ. ತಪ್ಪುತ್ತ ಹೋದರೆ ವೈರಸ್ ಔಷಧಿಗೆ ಬಗ್ಗದಂತಾಗುತ್ತದೆ. ಅಂಥವರಿಗೆ ಇನ್ನೊಂದು ದಾರಿ ಬೇಡವೇ ಎಂದು ಯಂತ್ರದ ಪರ ನಿಂತವರು ಕೇಳುವುದು ನ್ಯಾಯವಾದ ಮಾತು. ಆದರೆ ಗುಟ್ಟಾಗಿ ಗುಳಿಗೆ ನುಂಗಲೇ ಆಗದ ಹೆಂಗಸು ಕುತ್ತಿಗೆಯಲ್ಲಿ ಕ್ಯಾಥೆಟರ್ ಸಿಕ್ಕಿಸಿಕೊಂಡು ವಾರಕ್ಕೆ ಮೂರು ಸಲ ನಾಲ್ಕು ಗಂಟೆ ಕುರ್ಚಿಯಲ್ಲಿ ಕೂರುವುದು ಹೇಗೆ? ಗುಳಿಗೆಗೆ ಅಡ್ಡ ಬಂದ ನಾಚಿಕೆ, ದೂರ, ಕೂಲಿ ತಪ್ಪುವ ಚಿಂತೆ ಎಲ್ಲವೂ ಯಂತ್ರಕ್ಕೆ ಹತ್ತು ಪಟ್ಟಾಗಿ ಅಡ್ಡ ಬರುತ್ತವೆ. ಎಚ್‌ಐವಿ ಮಟ್ಟಿಗೆ ನನ್ನ ತೀರ್ಮಾನ ಇಷ್ಟು: ಈ ಸೀಮೆಗೆ ಬೇಕಾದದ್ದು ರಕ್ತದ ವೈರಸ್ ಎಣಿಸುವ ವೈರಲ್ ಲೋಡ್ ಪರೀಕ್ಷೆ ಬೇಗ ಆಗುವುದು, ಗುಳಿಗೆ ಕಬ್ಬಿನ ಗ್ಯಾಂಗಿನ ಹಿಂದೆಯೇ ಹೋಗುವುದು, ಎಚ್‌ಐವಿ ಇರುವವರ ಬಗ್ಗೆ ಭೇದ ಮಾಡುವುದನ್ನು ನಿಷೇಧಿಸಿ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಕಾಯ್ದೆ ಪಂಚಾಯ್ತಿ ಕಟ್ಟೆಯವರೆಗೆ ತಲುಪುವುದು.

ಆದರೆ ಸೋಂಕೆಲ್ಲ ಎಚ್‌ಐವಿಯಂತೆ ಬಹುಕಾಲ ಮನೆ ಕಟ್ಟಿಕೊಂಡಿರುವುದಿಲ್ಲ. ಕೆಲವು ಬಿರುಗಾಳಿಯಂತೆ ಬರುತ್ತವೆ. ಕಬ್ಬಿನ ರವದಿ ಕೊಯ್ದ ಗಾಯ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಬಾಣಂತಿಯ ಜ್ವರ ರಕ್ತಕ್ಕೆ ಇಳಿದು ಎರಡು ದಿನದಲ್ಲಿ ಬಿಪಿ ಕುಸಿಯುವ ಸೆಪ್ಸಿಸ್ ಇಲ್ಲಿ ಹೊಸದಲ್ಲ. ಇಲ್ಲಿ ತಕ್ಕಡಿ ನಿಜವಾಗಿ ತೂಗಾಡುತ್ತದೆ.

ಮಾವನಿಗೆ ಆದದ್ದೂ ಅದೇ. ಡಯಾಲಿಸಿಸ್ ಆರಂಭವಾದ ಎರಡನೇ ವರ್ಷ ಹಿಮ್ಮಡಿಯಲ್ಲೊಂದು ಬಿರುಕು, ಅದಕ್ಕೆ ಕೀವು, ಆಮೇಲೆ ಚಳಿಜ್ವರ. ದೊಡ್ಡ ಊರಿನ ಒಂದು ಆಸ್ಪತ್ರೆಯ ಐಸಿಯುಗೆ ಸೇರಿಸಿದೆವು. ಮೂರನೇ ರಾತ್ರಿ ಎಳೆಯ ವೈದ್ಯರೊಬ್ಬರು ಹೊರಗೆ ಬಂದು, "ಒಂದು ಫಿಲ್ಟರ್ ಹಾಕಿ ನೋಡೋಣ, ರಕ್ತದಾಗಿನ ನಂಜು ಎಳೀತದ" ಎಂದರು. ಒಂದೊಂದಕ್ಕೆ ಹತ್ತಾರು ಸಾವಿರ. ಇಂಗ್ಲಿಷಿನಲ್ಲಿದ್ದ ಕಾಗದಕ್ಕೆ ರಾತ್ರಿ ಒಂದೂವರೆಗೆ ಅತ್ತೆ ಹೆಬ್ಬೆಟ್ಟು ಒತ್ತಿದರು. ಅದರಲ್ಲಿ ಏನಿದೆ ಎಂದು ಓದಿ ಹೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ನನಗೂ ಕೇಳುವ ಧೈರ್ಯ ಬರಲಿಲ್ಲ, ಅದು ಇವತ್ತಿಗೂ ಚುಚ್ಚುತ್ತದೆ. ಎರಡು ಫಿಲ್ಟರ್ ಆದವು. ಐದನೇ ದಿನ ಮಾವ ಹೋದರು. ಪಕ್ಕದ ಹಾಸಿಗೆಯಲ್ಲಿ ಅದೇ ಫಿಲ್ಟರ್ ಹಾಕಿಸಿಕೊಂಡ ಇಳಕಲ್ ಕಡೆಯ ಶಿಕ್ಷಕರೊಬ್ಬರು ಹತ್ತು ದಿನಕ್ಕೆ ನಡೆದುಕೊಂಡು ಮನೆಗೆ ಹೋದರು. ಅವರ ಮನೆಯವರು ಆ ಕೊಳವೆಯನ್ನು ದೇವರೆನ್ನುತ್ತಾರೆ. ನಮ್ಮ ಅತ್ತೆ ಅದರ ಹೆಸರೆತ್ತಿದರೆ ಎದ್ದು ಒಳಗೆ ಹೋಗುತ್ತಾರೆ. ಇಬ್ಬರ ಅನುಭವವೂ ಸುಳ್ಳಲ್ಲ, ಇಬ್ಬರ ಅನುಭವದಿಂದಲೂ ಕೊಳವೆಯ ಬೆಲೆ ಗೊತ್ತಾಗುವುದಿಲ್ಲ.

ಅದಕ್ಕಾಗಿಯೇ ಚೀಟಿ ಎತ್ತಿ ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಯಂತ್ರ ಕೊಟ್ಟು, ಇನ್ನೊಂದಕ್ಕೆ ಕೊಡದೆ ನೋಡುವ ಪ್ರಯೋಗಗಳು ಬೇಕಾಗುತ್ತವೆ. ಪಾಲಿಮಿಕ್ಸಿನ್ ಕೊಳವೆಯನ್ನು ಇಟಲಿಯಲ್ಲಿ 64 ರೋಗಿಗಳ ಮೇಲೆ ಹೀಗೆ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದಾಗ, ಯಂತ್ರ ಸಿಕ್ಕವರಲ್ಲಿ 32 ಪ್ರತಿಶತ, ಸಿಗದವರಲ್ಲಿ 53 ಪ್ರತಿಶತ ತೀರಿಕೊಂಡಿದ್ದರು. ಎಂಥ ಭರವಸೆ ಹುಟ್ಟಿತ್ತು! 2015ರಲ್ಲಿ ಫ್ರಾನ್ಸಿನ ಪ್ರಯೋಗ ಆ ಲಾಭವನ್ನು ಕಾಣಲಿಲ್ಲ. 2018ರಲ್ಲಿ ಅಮೆರಿಕ, ಕೆನಡಾದ 450 ರೋಗಿಗಳ ಲೆಕ್ಕ ಬಂತು: ಯಂತ್ರ ಸಿಕ್ಕವರಲ್ಲಿ 37.7 ಪ್ರತಿಶತ, ಸಿಗದವರಲ್ಲಿ 34.5 ಪ್ರತಿಶತ ಸಾವು. ಅಂದರೆ ವ್ಯತ್ಯಾಸವೇ ಇಲ್ಲವೆನ್ನಬಹುದು. ಅದೇ ಅಂಕಿಗಳನ್ನು ಮತ್ತೆ ಕೆದಕಿದಾಗ, ನಂಜು ತೀರ ಕಡಿಮೆಯೂ ಅಲ್ಲದ ತೀರ ಹೆಚ್ಚೂ ಅಲ್ಲದ ನಡುವಿನ ಗುಂಪಿಗೆ ಲಾಭದ ಸುಳಿವು ಕಂಡಿತು. ಆದ್ದರಿಂದ ಬಾಗಿಲು ಪೂರ್ತಿ ಮುಚ್ಚಿಲ್ಲ.

ಸೈಟೋಸಾರ್ಬ್ ಕಥೆ ಕರ್ನಾಟಕಕ್ಕೆ ಹತ್ತಿರದ್ದು. ಕೋವಿಡ್‌ನ ಮೊದಲ ಅಲೆಯಲ್ಲಿ, 2020ರ ಮೇ ತಿಂಗಳಲ್ಲಿ, ಬೆಂಗಳೂರಿನ ಬಯೋಕಾನ್ ಇದನ್ನು ತುರ್ತು ಬಳಕೆಗೆ ಕೊಡಲು ದೇಶದ ಔಷಧ ನಿಯಂತ್ರಕರಿಂದ ಅನುಮತಿ ಪಡೆಯಿತು. ಅಮೆರಿಕವೂ ಅದಕ್ಕಿಂತ ತಿಂಗಳ ಹಿಂದೆ ಸೈಟೋಸಾರ್ಬ್ ಮತ್ತು ಸೆರಾಫ್ ಎರಡಕ್ಕೂ ತುರ್ತು ಅನುಮತಿ ಕೊಟ್ಟಿತ್ತು. ಬೇರೇನೂ ಕೈಯಲ್ಲಿಲ್ಲದ ಹೊತ್ತು ಅದು, ಕೊಟ್ಟವರನ್ನು ನಾನು ದೂರಲಾರೆ. 2021ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಿಂದ ಫಲಿತಾಂಶ ಬಂತು. ದೇಹದ ಹೊರಗೆ ರಕ್ತಕ್ಕೆ ಆಮ್ಲಜನಕ ತುಂಬುವ ಎಕ್ಮೋ ಯಂತ್ರದ ಮೇಲಿದ್ದ 34 ಕೋವಿಡ್ ರೋಗಿಗಳಲ್ಲಿ ಅರ್ಧ ಜನಕ್ಕೆ ಈ ಕೊಳವೆ ಹಚ್ಚಿದ್ದರು. ಮೂವತ್ತು ದಿನದ ನಂತರ ಕೊಳವೆ ಹಚ್ಚಿದ 17 ಜನರಲ್ಲಿ ಉಳಿದವರು ಮೂವರು, ಹಚ್ಚದ 17 ಜನರಲ್ಲಿ ಉಳಿದವರು ಹದಿಮೂವರು. ಸಣ್ಣ ಪ್ರಯೋಗ ನಿಜ, ಒಂದೇ ಆಸ್ಪತ್ರೆಯದು ನಿಜ. ಆದರೂ ಆ ಅಂಕಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಸೈಟೋಕೈನ್ ಎಂದರೆ ಬರೀ ನಂಜಲ್ಲ, ಸೋಂಕಿನ ವಿರುದ್ಧ ದೇಹ ಕೂಗುವ ಕೂಗೂ ಹೌದು. ಕೊಳವೆಗೆ ಬೇಕಾದ್ದು ಬೇಡದ್ದು ಎಂಬ ಭೇದವಿಲ್ಲ. ಕೊಟ್ಟ ಆ್ಯಂಟಿಬಯೋಟಿಕ್ ಔಷಧಿಯನ್ನೂ ಅದು ಎಳೆದುಕೊಳ್ಳಬಹುದು, ಆಗ ಪ್ರಮಾಣವನ್ನು ಹೊಸದಾಗಿ ಲೆಕ್ಕ ಹಾಕಬೇಕು. ಆ ಲೆಕ್ಕ ಹಾಕಬಲ್ಲ ಪ್ರಯೋಗಾಲಯವಾಗಲಿ, ರಾತ್ರಿ ಎರಡಕ್ಕೂ ಎಚ್ಚರಿರುವ ತಜ್ಞರಾಗಲಿ ಎಲ್ಲ ಕಡೆ ಇರುವುದಿಲ್ಲ.

ರಕ್ತವನ್ನು ಹೊರಗೆ ತೆಗೆಯುವುದೇ ಸೋಂಕಿಗೆ ಒಂದು ಬಾಗಿಲು ತೆರೆದಂತೆ. ಡಯಾಲಿಸಿಸ್ ಕೇಂದ್ರಗಳಲ್ಲಿ ಹೆಪಟೈಟಿಸ್ ಸಿ ಒಬ್ಬರಿಂದೊಬ್ಬರಿಗೆ ದಾಟುವುದು ಜಗತ್ತಿಗೆಲ್ಲ ಗೊತ್ತಿರುವ ತೊಂದರೆ. ಮೂಲೆಯ ಆ ಬೇರೆ ಯಂತ್ರ ಇದ್ದದ್ದು ಅದಕ್ಕೇ. ಒಬ್ಬ ರೋಗಿಯ ಡಯಾಲೈಸರ್ ತೊಳೆದು ಮತ್ತೆ ಅವರಿಗೇ ಬಳಸುವ ರೂಢಿ ಬಿಟ್ಟು, ಪ್ರತಿ ಸಲವೂ ಹೊಸದನ್ನೇ ಹಚ್ಚುವ ಏಕಬಳಕೆ ಪದ್ಧತಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಸರ್ಕಾರಿ ಕೇಂದ್ರಗಳಿಗೆ ತಂದಿತು. ರಕ್ತದ ಸೋಂಕನ್ನು ಯಂತ್ರದಿಂದ ತಡೆಯುವ ಮಾತಿನಲ್ಲಿ ಇದಕ್ಕಿಂತ ನೇರವಾದ ಹೆಜ್ಜೆ ನನಗೆ ಕಾಣುವುದಿಲ್ಲ.

ನಮ್ಮ ಭಾಷೆಯೂ ಇಲ್ಲಿ ಒಂದು ಪಾತ್ರ ವಹಿಸುತ್ತದೆ. ಕಜ್ಜಿಯಾದರೆ "ರಕ್ತ ಕೆಟ್ಟದ" ಎನ್ನುತ್ತೇವೆ, ಯುಗಾದಿಗೆ ಬೇವು ತಿಂದರೆ ರಕ್ತಶುದ್ಧಿ ಎನ್ನುತ್ತೇವೆ. ಹಾಗಾಗಿ ರಕ್ತ ತೊಳೆಯುವುದು ಎಂಬ ಮಾತು ಕಿವಿಗೆ ಬಿದ್ದೊಡನೆ ಮನಸ್ಸು ಒಪ್ಪಿಬಿಡುತ್ತದೆ. ಆ ಒಪ್ಪಿಗೆಯನ್ನು ಮಾರಾಟಕ್ಕೆ ಬಳಸಿಕೊಳ್ಳುವುದು ಸುಲಭ. ಓಝೋನ್ ಬೆರೆಸಿ ರಕ್ತ ತಿರುಗಿ ಕೊಡುತ್ತೇವೆ, ಬೆಳಕು ಹಾಯಿಸಿ ಕೊಡುತ್ತೇವೆ, ಎಲ್ಲ ರೋಗವೂ ಹೋಗುತ್ತದೆ ಎನ್ನುವ ಜಾಹೀರಾತುಗಳು ಮೊಬೈಲಿನಲ್ಲಿ ಬರುತ್ತವೆ. ಎಚ್‌ಐವಿ ಇರುವವರು ಅದನ್ನು ನಂಬಿ ಗುಳಿಗೆ ಬಿಟ್ಟರೆ ಅದರಷ್ಟು ದೊಡ್ಡ ನಷ್ಟ ಇನ್ನೊಂದಿಲ್ಲ.

ಹಾಗಾದರೆ ಕೊಳವೆಗೆ ಕರ್ನಾಟಕದಲ್ಲಿ ಜಾಗವೇ ಇಲ್ಲವೇ? ಇದೆ, ಅದು ಮುಧೋಳದಲ್ಲಿಲ್ಲ, ಮಲೆನಾಡಿನಲ್ಲಿರಬಹುದು ಎಂದು ನನಗನ್ನಿಸುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಗೆ ಇವತ್ತಿಗೂ ನಿರ್ದಿಷ್ಟ ಔಷಧಿಯಿಲ್ಲ. ಆ ವೈರಸ್ಸಿಗೆ ಸಕ್ಕರೆ ಅಂಟಿದ ಕವಚವಿದೆ, ಜ್ವರದ ಮೊದಲ ದಿನಗಳಲ್ಲಿ ರಕ್ತದಲ್ಲಿ ಅದು ಹೇರಳವಾಗಿರುತ್ತದೆ, ಬಿರುಗಾಳಿಯಂತೆ ಬಂದು ಹೋಗುತ್ತದೆ. ಔಷಧಿಯಿಲ್ಲದ, ರಕ್ತದಲ್ಲೇ ತೇಲುವ, ಕೆಲವೇ ದಿನ ಇರುವ ಸೋಂಕು ಎಂದರೆ ಕೊಳವೆಗೆ ಸರಿಹೊಂದುವ ಸೋಂಕು. ಅಲ್ಲೂ ಒಂದು ತೊಡಕಿದೆ. ಮಂಗನ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವವಾಗುತ್ತದೆ, ರಕ್ತ ಕೊಳವೆಯಲ್ಲಿ ಹೆಪ್ಪುಗಟ್ಟದಿರಲು ಕೊಡುವ ಹೆಪಾರಿನ್ ಅದನ್ನು ಹೆಚ್ಚಿಸಬಹುದು. ಎಚ್ಚರದ ಪ್ರಯೋಗ, ದೊಡ್ಡ ವೈದ್ಯಕೀಯ ಕಾಲೇಜು, ನೈತಿಕ ಸಮಿತಿಯ ಕಣ್ಣು ಇದ್ದರೆ ನೋಡಬಹುದಾದ ದಾರಿ ಅದು. ಸೆಪ್ಸಿಸ್‌ಗೂ ಹಾಗೆಯೇ. ಪ್ರಯೋಗದ ಭಾಗವಾಗಿ, ಫಲಿತಾಂಶ ಎಲ್ಲರಿಗೂ ತಿಳಿಯುವಂತೆ, ರೋಗಿಯ ಮನೆಯವರಿಂದ ಹಣ ಕೇಳದೆ ಕೊಟ್ಟರೆ ನಾನು ಒಪ್ಪುತ್ತೇನೆ. ಹೊಲ ಒತ್ತೆಯಿಟ್ಟು ಕೊಳ್ಳುವ ಕೊನೆಯ ಆಸೆಯಾಗಿ ಮಾರಿದರೆ ಒಪ್ಪುವುದಿಲ್ಲ. ಅದಕ್ಕೂ ಮೊದಲು ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಯಾರಿಗೇ ಚಳಿಜ್ವರ ಬಂದು ಬಿಪಿ ಇಳಿದರೆ, ಮೊದಲ ಗಂಟೆಯಲ್ಲಿ ಸರಿಯಾದ ಆ್ಯಂಟಿಬಯೋಟಿಕ್ ನರಕ್ಕೆ ಸೇರಬೇಕು, ರಕ್ತ ಕಲ್ಚರ್‌ಗೆ ಹೋಗಬೇಕು. ಮಾವನ ಹಿಮ್ಮಡಿಯ ಬಿರುಕನ್ನು ಯಾರಾದರೂ ಮೂರು ವಾರ ಮೊದಲು ಬಗ್ಗಿ ನೋಡಿದ್ದರೆ ಫಿಲ್ಟರಿನ ಮಾತೇ ಬರುತ್ತಿರಲಿಲ್ಲ. ಮನೆಯಲ್ಲಿದ್ದವರು ನಾವೇ, ನಾವೂ ನೋಡಲಿಲ್ಲ.

ಆ ರಾತ್ರಿಯ ಕಾಗದದ ಒಂದು ಪ್ರತಿ ನನ್ನ ಬಳಿ ಇದೆ. ಮೂರು ಪುಟ. ಈಗ ಅದನ್ನು ಓದಿ ಅರ್ಥ ಮಾಡಿಕೊಂಡಿದ್ದೇನೆ. ಈ ಸಾಧನದಿಂದ ಜೀವ ಉಳಿಯುವುದು ಸಾಬೀತಾಗಿಲ್ಲ ಎಂಬ ಸಾಲು ಎರಡನೇ ಪುಟದ ನಡುವಿನಲ್ಲಿತ್ತು. ಅದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಮೊದಲ ಸಾಲಾಗಿ ಬರೆಯಬೇಕಿತ್ತು. ಬರೆದಿದ್ದರೂ ಅತ್ತೆ ಹೆಬ್ಬೆಟ್ಟು ಒತ್ತುತ್ತಿದ್ದರೋ ಏನೋ. ಆದರೆ ಗೊತ್ತಿದ್ದು ಒತ್ತುತ್ತಿದ್ದರು.

ಮಾವನಿಗೆ ಅವತ್ತು ಎಚ್ಚರವಿರಲಿಲ್ಲ. ಇದ್ದಿದ್ದರೆ ಆ ಹೊಸ ಕೊಳವೆಯನ್ನೂ ಕಣ್ಣಿಟ್ಟು ನೋಡಿ, ಎಷ್ಟನೇ ನಂಬರ್ ನೂಲು ಎಂದು ಕೇಳುತ್ತಿದ್ದರು. ಇದರಾಗ ನೂಲಿಲ್ಲ ಮಾವಾ, ಸಾಸಿವೆಗಿಂತ ಸಣ್ಣ ಮಣಿ ಅದಾವ ಎಂದು ಈಗಾದರೆ ಹೇಳಬಲ್ಲೆ.